ದೆಹಲಿಯ ಮೊದಲ ಬೇಸಿಗೆ

ಬೆಂಗಳೂರಿನಿಂದ ಸಂಜೆ ಹೊರಡುವ ಕರ್ನಾಟಕ ಎಕ್ಸ್‌ಪ್ರೆಸ್ ರೈಲು ಕೃಷ್ಣೆ ಭೀಮೆಯರನ್ನು ದಾಟಿ, ಸೊಲ್ಲಾಪುರದ ಎರೆಭೂಮಿಯನ್ನು ಹಗಲಿನಲ್ಲಿಯೂ ನರ್ಮದೆಯನ್ನು ಇರುಳಿನಲ್ಲಿಯೂ ಹಿಂದಿಕ್ಕಿ, ಸುಮಾರು 2,400 ಕಿಲೋಮೀಟರುಗಳ ಹಾದಿಯನ್ನು ಸವೆಸಿ, ಮೂರನೆಯ ದಿನ ಬೆಳಗ್ಗೆ ಹೊಸ ದೆಹಲಿಯನ್ನು ಮುಟ್ಟುತ್ತದೆ. 2024ರ ಏಪ್ರಿಲ್ ಮೊದಲ ವಾರದಲ್ಲಿ ಆ ರೈಲಿನಿಂದ ಇಳಿದ ಜನಸಂದಣಿಯಲ್ಲಿ ಮೈಸೂರಿನ ಒಂದು ಸಂಸಾರವೂ ಇತ್ತು. ಯಜಮಾನರು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಅಧಿಕಾರಿಗಳು; ವರ್ಗದ ಆಜ್ಞೆ ಕೈಸೇರಿ ತಿಂಗಳು ತುಂಬುವುದರೊಳಗೆ ಮನೆ ಖಾಲಿ ಮಾಡಿ ಬಂದಿದ್ದರು. ಜೊತೆಯಲ್ಲಿ ಪತ್ನಿ, ಏಳನೆಯ ತರಗತಿಗೆ ಸೇರಬೇಕಾಗಿದ್ದ ಮಗಳು, ಮೂರನೆಯ ತರಗತಿಯ ಮಗ, ಹದಿನಾಲ್ಕು ಗಂಟುಗಳು ಮತ್ತು ಅರವತ್ತೊಂಬತ್ತು ವರ್ಷದ ಅಜ್ಜಿ.

ಹದಿನಾಲ್ಕು ಗಂಟುಗಳಲ್ಲಿ ಹದಿಮೂರನ್ನು ಕೂಲಿಯವರು ಹೊತ್ತರು. ಹದಿನಾಲ್ಕನೆಯದನ್ನು ಅಜ್ಜಿ ಯಾರ ಕೈಗೂ ಕೊಡಲಿಲ್ಲ. ಅದರಲ್ಲಿ ಇದ್ದದ್ದು ಅವರ ತಾಯಿಯ ಕಾಲದ ಹಿತ್ತಾಳೆಯ ಚಕ್ಕುಲಿ ಒರಳು. ಆ ಮನೆಯಲ್ಲಿ ಅಷ್ಟು ವರ್ಷಗಳಿಂದಲೂ ಬೇಸಿಗೆ ಬಂತೆಂದರೆ ಅಕ್ಕಿ ಸಂಡಿಗೆ ಒತ್ತುತ್ತಿದ್ದುದು ಅದರಿಂದಲೇ.

"ದೆಹಲಿಯಲ್ಲಿ ಇದೆಲ್ಲ ಯಾತಕ್ಕಮ್ಮ?" ಎಂದು ಮಗ ಕೇಳಿದ್ದುಂಟು.

"ಬಿಸಿಲು ಅಲ್ಲಿಯೂ ಇದೆಯಲ್ಲಪ್ಪ," ಎಂದಿದ್ದರು ಅಜ್ಜಿ.

ಆ ಮಾತು ಎಷ್ಟು ನಿಜವೆಂಬುದು ಆಗ ಅವರಿಗೂ ತಿಳಿದಿರಲಿಲ್ಲ.

ಅಜ್ಜಿ ಬಂದದ್ದು ಮೂರು ತಿಂಗಳ ಮಟ್ಟಿಗೆ. ಜುಲೈ ಮೊದಲ ವಾರಕ್ಕೆ ಹಿಂತಿರುಗುವ ಟಿಕೀಟು ಸಿದ್ಧವಾಗಿಯೇ ಇತ್ತು. ಆದರೆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದ ಇನ್ನೊಂದು ಮಾತೂ ಇತ್ತು. ದೆಹಲಿ ಒಗ್ಗದೆ ಹೋದರೆ ಮಗಳನ್ನು ಅಜ್ಜಿಯ ಜೊತೆಗೆ ಮೈಸೂರಿಗೆ ಕಳುಹಿಸುವುದು. ಹಳೆಯ ಶಾಲೆಯವರು ಜೂನ್ ಕೊನೆಯವರೆಗೂ ಅವಳ ಜಾಗವನ್ನು ಕಾಯ್ದಿಡಲು ಒಪ್ಪಿದ್ದರು. ವರ್ಗವಾಗುವ ನೌಕರಿಯ ಎಷ್ಟೋ ಸಂಸಾರಗಳು ಹೀಗೆಯೇ ಎರಡು ಒಲೆಗಳಾಗಿ ಒಡೆಯುತ್ತವೆ. ತಂದೆ ಒಂದು ಊರಿನಲ್ಲಿ, ಮಕ್ಕಳು ಒಂದು ಊರಿನಲ್ಲಿ, ನಡುವೆ ದೂರವಾಣಿ. ಈ ಸಂಸಾರ ಒಂದಾಗಿ ಉಳಿಯುವುದೋ ಎರಡಾಗುವುದೋ ಎಂಬುದು ಒಂದು ಬೇಸಿಗೆಯ ಮೇಲೆ ನಿಂತಿತ್ತು.

ರಜೆ ಇಲ್ಲದ ಏಪ್ರಿಲ್

ದಕ್ಷಿಣ ದೆಹಲಿಯ ರಾಮಕೃಷ್ಣಪುರಂ ಸರ್ಕಾರಿ ನೌಕರರ ವಸತಿಗೆಂದೇ ನಿರ್ಮಿತವಾದ ಬಡಾವಣೆ. ರಾಮಕೃಷ್ಣ ಪರಮಹಂಸರ ಹೆಸರನ್ನು ಹೊತ್ತ ಈ ಬಡಾವಣೆಯನ್ನು ಊರಿನವರೆಲ್ಲ 'ಆರ್.ಕೆ. ಪುರಂ' ಎಂದೇ ಕರೆಯುತ್ತಾರೆ. ಸಂಸಾರಕ್ಕೆ ಅಲ್ಲಿ ದೊರೆತದ್ದು ಮೇಲಿನ ಮಹಡಿಯ ಮನೆ. ಗಾಳಿ ಚೆನ್ನಾಗಿ ಬರುತ್ತದೆಂದು ಗೃಹಿಣಿಗೆ ಸಂತೋಷವಾಯಿತು. ಮೇಲಿನ ಮಹಡಿಯೆಂದರೆ ತಲೆಯ ಮೇಲೆ ಸೂರ್ಯನೆಂದು ಹೇಳಿಕೊಡುವವರು ಆಗ ಯಾರೂ ಇರಲಿಲ್ಲ.

ಮೊದಲ ಪೆಟ್ಟು ಬಿದ್ದದ್ದು ಮಕ್ಕಳಿಗೆ. ಕರ್ನಾಟಕದ ಮಕ್ಕಳಿಗೆ ಏಪ್ರಿಲ್ ಮತ್ತು ಮೇ ಎಂದರೆ ಮಾವಿನ ಹಣ್ಣು, ಅಜ್ಜಿಯ ಮನೆ, ಮಧ್ಯಾಹ್ನದ ಚೌಕಾಬಾರ. ದೆಹಲಿಯಲ್ಲಿ ಹೊಸ ತರಗತಿಗಳು ಏಪ್ರಿಲ್ ಆರಂಭದಲ್ಲಿಯೇ ಪ್ರಾರಂಭವಾಗುತ್ತವೆ. ಬೇಸಿಗೆಯ ರಜೆ ಬರುವುದು ಬಿಸಿಲು ನೆತ್ತಿಗೇರಿದ ಮೇಲೆ. ಆ ವರ್ಷ ಮೇ 11ರಿಂದ ಜೂನ್ 30ರವರೆಗೆ ರಜೆ. ಮಾರ್ಚ್‌ನಲ್ಲಿ ಪರೀಕ್ಷೆ ಮುಗಿಸಿ ಬಂದ ಮಕ್ಕಳು ಮೈಸೂರಿನ ರಜೆಯನ್ನು ಕಳೆದುಕೊಂಡು, ರೈಲಿನ ಬಳಲಿಕೆ ಆರುವ ಮೊದಲೇ ಪುಸ್ತಕದ ಚೀಲ ಹೊರಬೇಕಾಯಿತು.

ಎರಡನೆಯ ಪೆಟ್ಟು ಹಿಂದಿಯದು. ಮೈಸೂರಿನಲ್ಲಿ ಮಗಳು ಹಿಂದಿಯನ್ನು ಮೂರನೆಯ ಭಾಷೆಯಾಗಿ ಓದಿದ್ದಳು. ಅಕ್ಷರ ಬರುತ್ತಿತ್ತು, ಚಿಕ್ಕ ವಾಕ್ಯಗಳೂ ಬರುತ್ತಿದ್ದವು. ಇಲ್ಲಿನ ತರಗತಿಯಲ್ಲಿ ಹಿಂದಿ ಮಕ್ಕಳ ಮನೆಮಾತು. ಕನ್ನಡದಲ್ಲಿ ಕುರ್ಚಿ, ಮೇಜು, ಗಾಳಿ, ನೀರು ಎಲ್ಲವೂ ನಪುಂಸಕಲಿಂಗ. ಅವುಗಳ ಜಾತಿಯ ವಿಚಾರ ಯಾರೂ ಕೇಳುವುದಿಲ್ಲ. ಹಿಂದಿಯಲ್ಲಿಯಾದರೋ ಕುರ್ಚಿ ಹೆಣ್ಣು, ನೀರು ಗಂಡು, ಗಾಳಿ ಹೆಣ್ಣು. ಮೊದಲ ಕಿರುಪರೀಕ್ಷೆಯ ಉತ್ತರಪತ್ರಿಕೆ ಮನೆಗೆ ಬಂದಾಗ ಅದರ ತುಂಬ ಕೆಂಪು ಗೆರೆಗಳಿದ್ದವು. ಯಾವಾಗಲೂ ತರಗತಿಯ ಮೊದಲ ಐವರಲ್ಲಿ ಒಬ್ಬಳಾಗಿರುತ್ತಿದ್ದ ಹುಡುಗಿ ಆ ದಿನ ಊಟ ಬಿಟ್ಟಳು.

"ಅಜ್ಜಿ, ನೀವು ಹೋಗುವಾಗ ನಾನೂ ಬರುತ್ತೇನೆ," ಎಂದಳು.

ಅಜ್ಜಿ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ದೆಹಲಿಯಲ್ಲಿ ಕನ್ನಡ ಕಲಿಸುವ ಶಾಲೆ ಇಲ್ಲವೆಂದಲ್ಲ. ಲೋಧಿ ಎಸ್ಟೇಟಿನಲ್ಲಿ ದೆಹಲಿ ಕನ್ನಡ ಶಾಲೆ ಇದೆ. ಆದರೆ ಆ ವೇಳೆಗೆ ಪ್ರವೇಶ ಶುಲ್ಕ ತೆತ್ತಾಗಿತ್ತು, ಸಮವಸ್ತ್ರ ಹೊಲಿಸಿಯಾಗಿತ್ತು.

ಮೂವತ್ತೊಂಬತ್ತೋ, ನಲವತ್ತೊಂಬತ್ತೋ?

ಗೃಹಿಣಿಗೂ ಪಾಠ ತಪ್ಪಲಿಲ್ಲ. ಅವರ ಶಾಲೆ ತರಕಾರಿಯ ಗಾಡಿ. ಕನ್ನಡದಲ್ಲಿ ಇಪ್ಪತ್ತು, ಮೂವತ್ತು ಕಲಿತರೆ ನೂರರವರೆಗೂ ದಾರಿ ಸುಗಮ. ಹಿಂದಿಯಲ್ಲಿ ಒಂದರಿಂದ ನೂರರವರೆಗೆ ಒಂದೊಂದು ಅಂಕಿಗೂ ಒಂದೊಂದು ರೂಪ. 'ಉನ್ತಾಲೀಸ್' ಎಂದರೆ ಮೂವತ್ತೊಂಬತ್ತು; 'ಉನ್ಚಾಸ್' ಎಂದರೆ ನಲವತ್ತೊಂಬತ್ತು. ಮಾರುವವನು ಒಂದು ಹೇಳಿದರೆ ಗೃಹಿಣಿಯ ಕಿವಿಗೆ ಇನ್ನೊಂದು ಬೀಳುತ್ತಿತ್ತು. ಕಡೆಗೆ ಐನೂರರ ನೋಟನ್ನು ಮುಂದೆ ಚಾಚಿ, ಅವನು ಹಿಂದಕ್ಕೆ ಕೊಟ್ಟದ್ದನ್ನು ಎಣಿಸಿ ಬೆಲೆಯನ್ನು ತಿಳಿಯುವ ಸ್ಥಿತಿ ಬಂದಿತು.

ಈ ಗಂಟನ್ನು ಬಿಚ್ಚಿದವರು ಹಿಂದಿಯ ಗಂಧವೇ ಇಲ್ಲದ ಅಜ್ಜಿ. ಮೊಮ್ಮಗಳು ಬಾಯಿಪಾಠ ಮಾಡುತ್ತಿದ್ದುದನ್ನು ಕೇಳುತ್ತಿದ್ದ ಅವರು ಒಂದು ಸಂಜೆ, "ಇದು ನಮ್ಮ ಸಂಸ್ಕೃತದ ಊನವೇ ಅಲ್ಲವೇನೆ?" ಎಂದರು. ಊನವೆಂದರೆ ಕಡಿಮೆ. ಸಂಸ್ಕೃತದಲ್ಲಿ ಹತ್ತೊಂಬತ್ತನ್ನು ಊನವಿಂಶತಿ ಎನ್ನುತ್ತಾರೆ; ಎಂದರೆ ಇಪ್ಪತ್ತಕ್ಕೆ ಒಂದು ಕಡಿಮೆ. ಹಾಗೆಯೇ 'ಉನ್ತೀಸ್' ಮೂವತ್ತಕ್ಕೆ ಒಂದು ಕಡಿಮೆ, 'ಉನ್ತಾಲೀಸ್' ನಲವತ್ತಕ್ಕೆ ಒಂದು ಕಡಿಮೆ, 'ಉನ್ಚಾಸ್' ಐವತ್ತಕ್ಕೆ ಒಂದು ಕಡಿಮೆ. ಎಂಬತ್ತೊಂಬತ್ತು ಮತ್ತು ತೊಂಬತ್ತೊಂಬತ್ತು ಮಾತ್ರ ಈ ನಿಯಮಕ್ಕೆ ಸಿಕ್ಕುವುದಿಲ್ಲ.

"ಹಾಗಾದರೆ ಅಜ್ಜಿ, ನಿಮ್ಮ ವಯಸ್ಸು 'ಉನಹತ್ತರ್'. ಎಪ್ಪತ್ತಕ್ಕೆ ಒಂದು ಕಡಿಮೆ," ಎಂದು ಮೊಮ್ಮಗಳು ನಕ್ಕಳು. ದೆಹಲಿಗೆ ಬಂದ ಮೇಲೆ ಅವಳು ಹಿಂದಿಯ ವಿಷಯವಾಗಿ ನಕ್ಕದ್ದು ಅದೇ ಮೊದಲು.

ಲೂ ಎಂಬ ಗಾಳಿ

ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರು ಎತ್ತರದಲ್ಲಿದೆ. ದೆಹಲಿ ಇನ್ನೂರು ಮೀಟರಿಗಿಂತ ಸ್ವಲ್ಪ ಮೇಲೆ. ಮೈಸೂರಿನ ಬೇಸಿಗೆಗೆ ಏಪ್ರಿಲ್ ಕೊನೆಯ ಹೊತ್ತಿಗೆ ಒಂದೆರಡು ಮಾವಿನ ಮಳೆ ಬಿದ್ದು ಉಸಿರು ಬಿಡಲು ಅವಕಾಶವಾಗುತ್ತದೆ. ದೆಹಲಿಯ ಬೇಸಿಗೆಗೆ ಅಂತಹ ದಾಕ್ಷಿಣ್ಯವಿಲ್ಲ. ಮೇ ಹಾಗೂ ಜೂನ್ ತಿಂಗಳುಗಳಲ್ಲಿ ರಾಜಸ್ಥಾನದ ಮರುಭೂಮಿಯ ಕಡೆಯಿಂದ ಒಣ ಪಶ್ಚಿಮ ಗಾಳಿ ಬೀಸುತ್ತದೆ. ಅದಕ್ಕೆ 'ಲೂ' ಎಂದು ಹೆಸರು. ಬಾಗಿಲು ತೆರೆದರೆ ಬೇಕರಿಯ ಒಲೆಯ ಮುಂದೆ ನಿಂತಂತಾಗುತ್ತದೆ. ಬೆವರು ಬಂದದ್ದೇ ತಿಳಿಯುವುದಿಲ್ಲ, ಬರುತ್ತಲೇ ಆರಿಹೋಗುತ್ತದೆ.

ಈ ಬಿಸಿಲಿಗೆ ಹೆದರಿದವರಲ್ಲಿ ಮೈಸೂರಿನ ಈ ಸಂಸಾರ ಮೊದಲನೆಯದಲ್ಲ. ಬ್ರಿಟಿಷರ ರಾಜಧಾನಿಯನ್ನು ಕಲ್ಕತ್ತೆಯಿಂದ ದೆಹಲಿಗೆ ತರುವ ನಿರ್ಧಾರ 1911ರ ದರ್ಬಾರಿನಲ್ಲಿ ಪ್ರಕಟವಾಯಿತು. 1931ರಲ್ಲಿ ಹೊಸ ದೆಹಲಿಯ ಉದ್ಘಾಟನೆಯೂ ನಡೆಯಿತು. ಅಷ್ಟಾದರೂ ಬೇಸಿಗೆ ಬಂದೊಡನೆ ಸರ್ಕಾರ ತನ್ನ ಕಡತಗಳನ್ನು ಕಟ್ಟಿಕೊಂಡು ಸಿಮ್ಲಾ ಬೆಟ್ಟವನ್ನು ಏರುತ್ತಿತ್ತು. 1944ರ ಮೇ 29ರಂದು ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ 47.2 ಡಿಗ್ರಿ ತಾಪಮಾನ ದಾಖಲಾಯಿತು. ಸರಿಯಾಗಿ ಎಂಬತ್ತು ವರ್ಷಗಳ ತರುವಾಯ, 2024ರ ಅದೇ ಮೇ 29ರಂದು, ಅದೇ ಕೇಂದ್ರದ ಮಾಪಕ 46.8 ಡಿಗ್ರಿಯನ್ನು ತೋರಿಸಿತು. ನಮ್ಮ ಸಂಸಾರದ ಪಾಲಿಗೆ ಬಂದದ್ದು ಅಂತಹ ಬೇಸಿಗೆ.

ಯಜಮಾನರು ಕೂಲರ್ ತಂದರು. ತಗಡಿನ ದೊಡ್ಡ ಪೆಟ್ಟಿಗೆ. ಮೂರು ಬದಿಗಳಲ್ಲಿ ಹುಲ್ಲಿನ ಹಾಸು. ಒಳಗೆ ನೀರು, ಪಂಪು ಮತ್ತು ಫ್ಯಾನು. ಹಾಸುಗಳ ಮೇಲೆ ನೀರು ತೊಟ್ಟಿಕ್ಕುತ್ತದೆ. ಹೊರಗಿನ ಬಿಸಿಗಾಳಿ ಅದರ ಮೂಲಕ ಒಳಗೆ ಬರುತ್ತದೆ. ಒಂದು ಲೀಟರು ನೀರು ಆವಿಯಾಗಲು ಸುಮಾರು 580 ಕಿಲೋಕ್ಯಾಲರಿ ಶಾಖ ಬೇಕು. ಐದೂವರೆ ಲೀಟರು ಮಂಜಿನಂತಹ ನೀರನ್ನು ಕುದಿಯುವ ಮಟ್ಟಕ್ಕೆ ಏರಿಸಲು ಅಷ್ಟು ಶಾಖ ಸಾಕು. ಆ ಶಾಖವನ್ನೆಲ್ಲ ನೀರು ಗಾಳಿಯಿಂದಲೇ ಕಿತ್ತುಕೊಳ್ಳುವುದರಿಂದ ಗಾಳಿ ತಂಪಾಗುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಇದೇ ಕಾರಣದಿಂದ. ಹಾಸಿನಲ್ಲಿ ಲಾವಂಚದ ಬೇರನ್ನು ಸೇರಿಸಿದರೆ ಮನೆಯೆಲ್ಲ ಸುವಾಸನೆ; ಅದನ್ನು ಇಲ್ಲಿ 'ಖಸ್' ಎನ್ನುತ್ತಾರೆ.

ಕೂಲರ್ ಬಂದ ದಿನ ಸಂಸಾರ ಸಂಭ್ರಮದಿಂದ ಕಿಟಕಿ ಬಾಗಿಲುಗಳನ್ನೆಲ್ಲ ಭದ್ರವಾಗಿ ಮುಚ್ಚಿಕೊಂಡು ಕುಳಿತಿತು. ಅರ್ಧ ಗಂಟೆಯಲ್ಲಿ ಕೋಣೆ ಇಡ್ಲಿಯ ಪಾತ್ರೆಯಾಯಿತು. ಎದುರು ಮನೆಯ ಪಂಜಾಬಿ ಗೃಹಿಣಿ ಬಂದು ನೋಡಿ, ನಕ್ಕು, ಎದುರಿನ ಕಿಟಕಿಯನ್ನು ತೆರೆದರು. ಒಳಗೆ ಬಂದ ತೇವದ ಗಾಳಿಗೆ ಹೊರಗೆ ಹೋಗಲು ದಾರಿಯಿರದಿದ್ದರೆ ಕೂಲರಿನಿಂದ ಫಲವಿಲ್ಲ. ವಾರಕ್ಕೊಮ್ಮೆ ನೀರನ್ನೆಲ್ಲ ಚೆಲ್ಲಿ ಪೆಟ್ಟಿಗೆಯನ್ನು ಒಣಗಿಸಬೇಕು, ಇಲ್ಲವಾದರೆ ಡೆಂಗೆ ಹರಡುವ ಸೊಳ್ಳೆ ಅದರಲ್ಲಿಯೇ ಮನೆ ಮಾಡುತ್ತದೆ ಎಂಬ ಎಚ್ಚರಿಕೆಯನ್ನೂ ಅವರೇ ಹೇಳಿದರು.

ಹತ್ತು ದಿನಗಳಲ್ಲಿ ಪಂಪು ಕೆಟ್ಟಿತು. ರಿಪೇರಿಯವನು 'ಕಲ್' ಬರುವೆನೆಂದ. ಹಿಂದಿಯಲ್ಲಿ ನಾಳೆಗೂ ನಿನ್ನೆಗೂ 'ಕಲ್' ಎಂಬ ಒಂದೇ ಮಾತು. ಮೂರು ದಿನ ಕಾದ ಮೇಲೆ ಯಜಮಾನರು, "ಇವನು ಹೇಳಿದ್ದು ನಿನ್ನೆಯೆಂದಿರಬೇಕು ಕಣೇ," ಎಂದರು.

ನಲ್ಲಿಗಳೂ ತಲೆಕೆಳಗಾದವು. ತಾರಸಿಯ ಟ್ಯಾಂಕಿನಿಂದ ಬರುವ ತಣ್ಣೀರಿನ ನಲ್ಲಿಯನ್ನು ಮಧ್ಯಾಹ್ನ ತಿರುಗಿಸಿದರೆ ಕೈ ಸುಡುವಂತಹ ನೀರು. ಅನುಭವಸ್ಥರು ಏಪ್ರಿಲ್‌ನಲ್ಲಿಯೇ ಗೀಸರಿನ ವಿದ್ಯುತ್ತನ್ನು ನಿಲ್ಲಿಸಿ, ರಾತ್ರಿ ಅದರಲ್ಲಿ ತುಂಬಿಕೊಂಡ ನೀರನ್ನು ಹಗಲಿನಲ್ಲಿ ಸ್ನಾನಕ್ಕೆ ಬಳಸುತ್ತಾರೆ. ಬಿಸಿನೀರಿನ ನಲ್ಲಿಯಲ್ಲಿ ತಣ್ಣೀರು, ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು! ಕಿರಿಯ ಮಗನಿಗೆ ಇದೊಂದು ಮುಗಿಯದ ತಮಾಷೆಯಾಯಿತು.

ಅಡುಗೆಮನೆಯ ಹೊಸ ಲೆಕ್ಕ

ಮೈಸೂರಿನಲ್ಲಿ ರಾತ್ರಿ ರುಬ್ಬಿಟ್ಟ ದೋಸೆಯ ಹಿಟ್ಟು ಬೆಳಗಿನ ಹೊತ್ತಿಗೆ ಹದವಾಗಿ ಉಬ್ಬುತ್ತಿತ್ತು. ದೆಹಲಿಯ ಮೇ ತಿಂಗಳಲ್ಲಿ ನಾಲ್ಕೈದು ಗಂಟೆ ಸಾಕು. ಮೊದಲ ದಿನ ಬೆಳಗ್ಗೆ ಎದ್ದು ನೋಡಿದರೆ ಹಿಟ್ಟು ಪಾತ್ರೆಯಿಂದ ಉಕ್ಕಿ ಕಟ್ಟೆಯ ಮೇಲೆ ಹರಿದಿತ್ತು. ಮೊಸರಿಗೆ ಹೆಪ್ಪು ಹಾಕಿ ಪೂಜೆ ಮುಗಿಸುವುದರೊಳಗೆ ಹುಳಿ. ಹಿಟ್ಟನ್ನು ಹೊತ್ತು ಮುಳುಗಿದ ಮೇಲೆ ರುಬ್ಬಿ, ಎರಡು ಗಂಟೆ ಹೊರಗಿಟ್ಟು ಬಳಿಕ ಫ್ರಿಜ್ಜಿಗೆ ಸೇರಿಸುವುದು, ಹೆಪ್ಪನ್ನು ಹನಿಯ ಲೆಕ್ಕದಲ್ಲಿ ಹಾಕುವುದು, ಹೀಗೆ ಗೃಹಿಣಿ ತಮ್ಮ ಇಪ್ಪತ್ತು ವರ್ಷಗಳ ಲೆಕ್ಕವನ್ನು ಹೊಸದಾಗಿ ಬರೆದುಕೊಂಡರು.

ತರಕಾರಿಯ ಗಾಡಿಯಲ್ಲಿ ಸೋರೆಕಾಯಿ, ಹಾಗಲಕಾಯಿ, ಸೌತೆಕಾಯಿ ಗುರುತಿನ ಮುಖಗಳು. 'ಟಿಂಡಾ' ಎಂಬ ಪುಟ್ಟ ಹಸಿರು ಗುಂಡುಕಾಯಿ ಮಾತ್ರ ಅಪರಿಚಿತ. ಅಜ್ಜಿ ಅದಕ್ಕೆ ಕಡಲೆಬೇಳೆ ಸೇರಿಸಿ ಕೂಟು ಮಾಡಿಸಿ ನೋಡಿ, "ಪರವಾಗಿಲ್ಲ," ಎಂದರು. ಕರಿಬೇವು, ತೆಂಗಿನಕಾಯಿ, ಬ್ಯಾಡಗಿ ಮೆಣಸಿನಕಾಯಿಗೆ ಐ.ಎನ್.ಎ. ಮಾರುಕಟ್ಟೆಯವರೆಗೆ ಹೋಗಬೇಕಾಯಿತು. ಬಾದಾಮಿ, ರಸಪುರಿ ಹಣ್ಣುಗಳ ನೆನಪು ಕಾಡಿದರೂ ಮೇ ತಿಂಗಳಲ್ಲಿ ಆಂಧ್ರದ ಕಡೆಯಿಂದ ಬಂದ 'ಸಫೇದಾ', ಎಂದರೆ ನಮ್ಮ ಬಂಗನಪಲ್ಲಿ, ಸಮಾಧಾನ ಹೇಳಿತು. ಜೂನ್‌ನಲ್ಲಿ ದಶಹರಿ ಬಂದ ಮೇಲೆ ಮಕ್ಕಳು ರಸಪುರಿಯ ಮಾತನ್ನು ಎತ್ತಲಿಲ್ಲ.

ತಾರಸಿಯ ಮೇಲೆ ಇಬ್ಬರು ಅಜ್ಜಿಯರು

ಮೇ ಕೊನೆಯ ಒಂದು ಬೆಳಗ್ಗೆ, ಐದು ಗಂಟೆಗೆ, ಅಜ್ಜಿ ಅಕ್ಕಿಹಿಟ್ಟನ್ನು ಕಾಯಿಸಿ ಹಿತ್ತಾಳೆಯ ಒರಳನ್ನು ಹಿಡಿದು ತಾರಸಿಯನ್ನು ಏರಿದರು. ಎದುರು ಮನೆಯ ಮುದುಕಿ ಅವರಿಗಿಂತ ಮೊದಲೇ ಅಲ್ಲಿದ್ದರು. ಎಂಬತ್ತು ದಾಟಿದ ಜೀವ. ಮುಂದೆ ಒಂದು ಚಾಪೆ. ಚಾಪೆಯ ಮೇಲೆ ಉದ್ದಿನ ಹಿಟ್ಟಿನ ಸಾಲು ಸಾಲು ಉಂಡೆಗಳು. ಪಂಜಾಬಿನವರು ಅದಕ್ಕೆ 'ವಡೀ' ಎನ್ನುತ್ತಾರೆ. ಉದ್ದಿನಬೇಳೆಯ ಜೊತೆಗೆ ಬೂದುಗುಂಬಳವನ್ನು ತುರಿದು ಹಾಕಿ, ಮಸಾಲೆ ಬೆರೆಸಿ ಒಣಗಿಸುವುದು. ಬೂದುಗುಂಬಳವನ್ನು ಕಂಡ ಅಜ್ಜಿಯ ಮುಖ ಅರಳಿತು. ಅರಳು ಸಂಡಿಗೆಗೆ ಬೇಕಾದದ್ದೂ ಅದೇ ಅಲ್ಲವೆ?

ಒಬ್ಬರಿಗೆ ಕನ್ನಡ, ಒಬ್ಬರಿಗೆ ಪಂಜಾಬಿ. ಮಾತು ನಡೆದದ್ದು ಕೈಸನ್ನೆಯಲ್ಲಿ. ದುಭಾಷಿಯ ಕೆಲಸ ಮೊಮ್ಮಗಳ ಪಾಲಿಗೆ ಬಂದಿತು. ಪಂಜಾಬಿ ಮನೆಯಲ್ಲಿ ಅವಳದೇ ವಯಸ್ಸಿನ ಹುಡುಗಿಯಿದ್ದಳು. ಕಾಗೆ ಅಳಿಲುಗಳನ್ನು ಅಟ್ಟುವ ನೆಪದಲ್ಲಿ ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಇಬ್ಬರು ಹುಡುಗಿಯರೂ ಮೆಟ್ಟಿಲಿನ ನೆರಳಿನಲ್ಲಿ ಕುಳಿತರು. ಮೊದಲ ದಿನ ಕುರ್ಚಿ ಗಂಡಾಯಿತು, ನೀರು ಹೆಣ್ಣಾಯಿತು. ನಗು ತಡೆಯಲಾರದೆ ಆ ಹುಡುಗಿ ತಿದ್ದಿದಳು. ಕೆಂಪು ಶಾಯಿಯ ತಿದ್ದುಪಡಿಗಿಂತ ಈ ನಗು ಬೇಗ ಮನಸ್ಸಿಗೆ ಹಿಡಿಯಿತು.

ಹಾಗೆ ಕುಳಿತಿದ್ದಾಗ ಒಂದು ದಿನ ಪಂಜಾಬಿ ಅಜ್ಜಿ ತಮ್ಮ ಮೊದಲ ದೆಹಲಿ ಬೇಸಿಗೆಯ ಕಥೆ ಹೇಳಿದರು. 1947ರ ವಿಭಜನೆಯಲ್ಲಿ ಲಾಹೋರಿನ ಕಡೆಯ ಹಳ್ಳಿಯನ್ನು ಬಿಟ್ಟು ಬಂದಾಗ ಅವರು ಪುಟ್ಟ ಹುಡುಗಿ. ಸಾವಿರಾರು ನಿರಾಶ್ರಿತರಿಗೆ ಆಶ್ರಯವಾಗಿದ್ದ ಕಿಂಗ್ಸ್‌ವೇ ಶಿಬಿರದ ಡೇರೆಯೊಂದರಲ್ಲಿ 1948ರ ಬೇಸಿಗೆ ಕಳೆಯಿತು. ಫ್ಯಾನಿಲ್ಲ, ಕೂಲರಿಲ್ಲ. ತಾಯಿ ಒದ್ದೆಯ ದುಪಟ್ಟಾವನ್ನು ಮಕ್ಕಳ ಮೇಲೆ ಹೊದಿಸಿ ರಾತ್ರಿಯಿಡೀ ಬೀಸಣಿಗೆ ಬೀಸುತ್ತಿದ್ದಳಂತೆ. ಹಿಂತಿರುಗುವ ಟಿಕೀಟು ಅವರಿಗೆ ಇರಲಿಲ್ಲ. ಮೊಮ್ಮಗಳು ಇದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದಾಗ ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, ತಮ್ಮ ಡಬ್ಬಿಯಿಂದ ಒಂದು ಹಿಡಿ ಸಂಡಿಗೆಯನ್ನು ತೆಗೆದು ಅವರ ಸೆರಗಿಗೆ ಹಾಕಿದರು.

ಸಂಡಿಗೆಯ ವಿಷಯದಲ್ಲಿ ಮಾತ್ರ ದೆಹಲಿ ಮೈಸೂರನ್ನು ಮೀರಿಸಿತು. ಊರಿನಲ್ಲಿ ಮೂರು ನಾಲ್ಕು ದಿನ ಒಣಗಬೇಕಾಗಿದ್ದುದು ಇಲ್ಲಿ ಸಂಜೆಯ ಹೊತ್ತಿಗೆ ಗಲಗಲ ಎಂದಿತು. ಮಜ್ಜಿಗೆ ಮೆಣಸಿನಕಾಯಿಗೂ ಹೆಚ್ಚು ಕಾಲ ಹಿಡಿಯಲಿಲ್ಲ.

ಅರವಟ್ಟಿಗೆ

ಜೂನ್ ತಿಂಗಳಲ್ಲಿ ರಸ್ತೆಯ ಬದಿಗಳಲ್ಲಿ ಶಾಮಿಯಾನಗಳು ಎದ್ದವು. ಸಿಖ್ಖರ ಐದನೆಯ ಗುರು ಅರ್ಜನ ದೇವರು 1606ರಲ್ಲಿ ಲಾಹೋರಿನಲ್ಲಿ ಹುತಾತ್ಮರಾದ ಸ್ಮರಣೆಗಾಗಿ, ಜೇಷ್ಠದ ಉರಿಬಿಸಿಲಿನಲ್ಲಿ ದಾರಿಹೋಕರನ್ನೆಲ್ಲ ತಡೆದು ನಿಲ್ಲಿಸಿ ಹಾಲು ಬೆರೆಸಿದ ಗುಲಾಬಿ ಬಣ್ಣದ ತಂಪು ಶರಬತ್ತನ್ನು ಕುಡಿಸುತ್ತಾರೆ. ಅದಕ್ಕೆ 'ಛಬೀಲ್' ಎಂದು ಹೆಸರು. ಬಸ್ಸು, ಕಾರು, ಸೈಕಲ್ಲು, ಯಾವುದನ್ನೂ ಬಿಡುವುದಿಲ್ಲ. ನಿರ್ಜಲ ಏಕಾದಶಿಯಂದೂ ಹೀಗೆಯೇ ನೀರು, ಪಾನಕ ಹಂಚುವರು. ಮಾರುಕಟ್ಟೆಗಳ ಮೂಲೆಯಲ್ಲಿ ಸಾಲು ಗಡಿಗೆಗಳನ್ನಿಟ್ಟ 'ಪ್ಯಾಊ'ಗಳು ಬೇರೆ. ರಾಮನವಮಿಯ ಪಾನಕ ಕೋಸಂಬರಿಯನ್ನೂ ಹಾದಿಬದಿಯ ಅರವಟ್ಟಿಗೆಯನ್ನೂ ಕಂಡು ಬೆಳೆದ ಅಜ್ಜಿಗೆ ಇದು ಮನಸ್ಸಿಗೆ ಹಿಡಿಸಿತು. "ನೀರು ಕೊಡುವ ಊರು ಕೆಟ್ಟ ಊರಾಗಲಾರದು," ಎಂದರು.

ಪಂಚಾಂಗದ ಗೊಂದಲ ಮಾತ್ರ ಅವರನ್ನು ಬಿಡಲಿಲ್ಲ. ಉತ್ತರದಲ್ಲಿ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ನಮ್ಮಲ್ಲಿ ಅಮಾವಾಸ್ಯೆಗೆ. ಎದುರು ಮನೆಯವರು ಜೂನ್ 6ರ ಅಮಾವಾಸ್ಯೆಯಂದು ವಟಸಾವಿತ್ರಿ ಪೂಜೆ ಮಾಡಿದರು. ಅಜ್ಜಿಯದು ಹದಿನೈದು ದಿನಗಳ ಬಳಿಕ, 21ರಂದು, ಕಾರಹುಣ್ಣಿಮೆಗೆ. ಆದರೆ ಆ ಎರಡು ದಿನಗಳ ನಡುವೆ ಜೂನ್ 18 ಬಂದಿತು.

ಆ ರಾತ್ರಿ

ಆ ಹೊತ್ತಿಗೆ ದೆಹಲಿಯಲ್ಲಿ ನೀರಿಗೆ ತತ್ವಾರವಾಗಿತ್ತು. ಈ ಮಹಾನಗರ ಕುಡಿಯುವುದು ಬಹುಮಟ್ಟಿಗೆ ಯಮುನೆ, ಗಂಗೆಗಳ ನೀರನ್ನು. ಅದು ನೆರೆಯ ರಾಜ್ಯಗಳಿಂದ ನದಿಯಲ್ಲಿಯೂ ಕಾಲುವೆಗಳಲ್ಲಿಯೂ ಬರಬೇಕು. ಆ ಜೂನ್‌ನಲ್ಲಿ ಪೂರೈಕೆ ಕುಗ್ಗಿ, ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಟ್ಯಾಂಕರಿನ ಹಿಂದೆ ಕೊಡ, ಬಕೆಟ್ಟುಗಳ ಸಾಲು. ಮೇಲಿನ ಮಹಡಿಗೆ ನೀರು ಏರದೆ ಗೃಹಿಣಿಯೂ ಮಕ್ಕಳೂ ಕೆಳಗಿನಿಂದ ಹೊತ್ತು ತಂದರು. ಕೂಲರಿಗೆ ದಿನಕ್ಕೆ ಮೂರು ಬಕೆಟ್ಟು ಬೇಕು. ಕುಡಿಯಲು ಇಡುವುದೋ, ಕೂಲರಿಗೆ ಸುರಿಯುವುದೋ?

ಜೂನ್ 18ರಂದು ನಿರ್ಜಲ ಏಕಾದಶಿ. ಎದುರು ಮನೆಯ ಗೃಹಿಣಿ ತೊಟ್ಟು ನೀರಿಲ್ಲದೆ ಉಪವಾಸವಿದ್ದಾರೆಂದು ತಿಳಿದು ಅಜ್ಜಿಯೂ ಹಾಗೆಯೇ ಮಾಡಿದರು. ಸೊಸೆ, "ಅತ್ತೆ, ಈ ಬಿಸಿಲಲ್ಲಿ ಬೇಡಿ. ಒಂದು ಲೋಟ ಮಜ್ಜಿಗೆಯನ್ನಾದರೂ ತೆಗೆದುಕೊಳ್ಳಿ," ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಆ ರಾತ್ರಿ ದೆಹಲಿಯ ತಾಪಮಾನ 35 ಡಿಗ್ರಿಗಿಂತ ಕೆಳಗೆ ಇಳಿಯಲೇ ಇಲ್ಲ. ಹಲವು ದಶಕಗಳಲ್ಲಿ ಅಷ್ಟು ಬಿಸಿಯ ರಾತ್ರಿ ಬಂದಿರಲಿಲ್ಲ. ಯಜಮಾನರು ಕಚೇರಿಯ ಕೆಲಸದ ಮೇಲೆ ಲಖ್ನೋಗೆ ಹೋಗಿದ್ದರು. ಹಗಲೆಲ್ಲ ಕಾದ ತಾರಸಿ ರಾತ್ರಿ ಶಾಖವನ್ನು ಕೆಳಗೆ ಸುರಿಯುತ್ತಿತ್ತು. ಕೂಲರಿನಲ್ಲಿ ನೀರಿರಲಿಲ್ಲ.

ಹನ್ನೊಂದೂವರೆಗೆ ಎದ್ದು ನಿಂತ ಅಜ್ಜಿ ಹಾಗೆಯೇ ಗೋಡೆಯನ್ನು ಹಿಡಿದು ಕುಸಿದರು. ಮೈ ಕಾದಿತ್ತು, ಮಾತು ತೊದಲುತ್ತಿತ್ತು. ಸೊಸೆಗೆ ಕೈಕಾಲು ಆಡಲಿಲ್ಲ. ಮೊಮ್ಮಗಳು ಬರಿಗಾಲಿನಲ್ಲಿ ಓಡಿ ಎದುರು ಮನೆಯ ಬಾಗಿಲನ್ನು ಬಡಿದಳು. ನಡೆದುದನ್ನು ನಾಲ್ಕೇ ವಾಕ್ಯಗಳಲ್ಲಿ ಹಿಂದಿಯಲ್ಲಿ ಹೇಳಿದಳು. ಲಿಂಗ ತಪ್ಪಿತೋ ಇಲ್ಲವೋ ಯಾರೂ ನೋಡಲಿಲ್ಲ. ಅಜ್ಜಿಯನ್ನು ನೆಲದ ಮೇಲೆ ಮಲಗಿಸಿ, ಒದ್ದೆಯ ಸೀರೆಯನ್ನು ಹೊದಿಸಿ, ಫ್ಯಾನಿನ ಗಾಳಿ ಬೀಳುವಂತೆ ಮಾಡಿದರು. ಎದುರು ಮನೆಯವರ ಕಾರಿನಲ್ಲಿ ಹತ್ತೇ ನಿಮಿಷಗಳಲ್ಲಿ ಆಸ್ಪತ್ರೆ ಸೇರಿದರು.

ಆಸ್ಪತ್ರೆ ಅಂತಹ ರೋಗಿಗಳಿಂದ ತುಂಬಿತ್ತು. ಅವಸರದಲ್ಲಿದ್ದ ದಾದಿ, ವಯಸ್ಸೆಷ್ಟೆಂದು ಕೇಳಿದಳು. ಗೃಹಿಣಿಗೆ ಆ ಕ್ಷಣದಲ್ಲಿ ಕನ್ನಡದ ಅಂಕಿಯೂ ನಾಲಗೆಗೆ ಬರಲಿಲ್ಲ.

"ಉನಹತ್ತರ್," ಎಂದಳು ಮೊಮ್ಮಗಳು. ಬೆಳಗಿನಿಂದ ನೀರು ಕುಡಿದಿಲ್ಲ, ರಕ್ತದೊತ್ತಡಕ್ಕೆ ಮಾತ್ರೆಯಿದೆ, ಸಕ್ಕರೆ ಕಾಯಿಲೆಯಿಲ್ಲ ಎಂಬುದನ್ನೂ ಅವಳೇ ಹೇಳಿದಳು.

ಬಿಸಿಲಿನ ಬಳಲಿಕೆ ಬಿಸಿಲುಹೊಡೆತವಾಗಿ ತಿರುಗಲು ಹೆಚ್ಚು ಹೊತ್ತು ಬೇಕಿಲ್ಲ. ಮೈಯ ಶಾಖ 104 ಫ್ಯಾರನ್‌ಹೀಟ್ ಡಿಗ್ರಿಯನ್ನು ಮುಟ್ಟಿ ಬುದ್ಧಿ ಮಂಕಾದರೆ ಅದು ಪ್ರಾಣಾಪಾಯ. ವೃದ್ಧರಿಗೂ ಎಳೆಯ ಮಕ್ಕಳಿಗೂ ಅಪಾಯ ಇನ್ನೂ ಬೇಗ. ಮೈಯನ್ನು ತಂಪು ಮಾಡುವುದು ಮೊದಲು, ಉಳಿದದ್ದೆಲ್ಲ ಬಳಿಕ. ಅಜ್ಜಿಯ ಪುಣ್ಯ, ಎರಡೂ ಕೆಲಸ ಹೊತ್ತಿಗೆ ಸರಿಯಾಗಿ ಆದವು. ಬೆಳಗಿನ ಜಾವ ಕಣ್ಣು ಬಿಟ್ಟು, ಕೈಗೆ ಚುಚ್ಚಿದ ಸಲೈನ್ ನಳಿಕೆಯನ್ನು ನೋಡಿ, "ದ್ವಾದಶಿ ಬಂತೇ?" ಎಂದು ಕೇಳಿದರು.

ಪಾರಣೆಗೆ ಅವರಿಗೆ ಸಿಕ್ಕಿದ್ದು ಉಪ್ಪು ಸಕ್ಕರೆಯ ನೀರು. ಕುಡಿಸಿದವರು ಪಂಜಾಬಿ ಅಜ್ಜಿ. ಎಂಬತ್ತು ದಾಟಿದ ಮೇಲೆ ತಾವು ನಿರ್ಜಲ ವ್ರತವನ್ನು ಬಿಟ್ಟಿದ್ದೇವೆಂದೂ, ಇಂತಹ ದಿನ ನೀರು ಕುಡಿಯುವುದೇ ವ್ರತವೆಂದೂ ಅವರು ಗದರಿಸಿದರು. ಭಾಷಾಂತರದ ಅಗತ್ಯ ಬೀಳಲಿಲ್ಲ.

ಮಳೆ

ದೆಹಲಿಗೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 27. ಆ ವರ್ಷ ಅದು ಒಂದೇ ದಿನ ತಡವಾಯಿತು. 27ರ ನಡುರಾತ್ರಿಯ ಬಳಿಕ ಗುಡುಗಿದ ಆಕಾಶ ಬೆಳಗಿನವರೆಗೂ ನಿಲ್ಲಲಿಲ್ಲ. 28ರ ಬೆಳಗ್ಗೆ ಎಂಟೂವರೆಗೆ ಮುಗಿದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಸಫ್ದರ್‌ಜಂಗ್ ಕೇಂದ್ರದಲ್ಲಿ 228.1 ಮಿಲಿಮೀಟರು ಮಳೆ. ಇಡೀ ಜೂನ್ ತಿಂಗಳ ಸರಾಸರಿಯ ಮೂರು ಪಟ್ಟು. 1936ರ ತರುವಾಯ ಜೂನ್‌ನ ಒಂದು ದಿನದಲ್ಲಿ ಅಷ್ಟು ಮಳೆ ಬಿದ್ದಿರಲಿಲ್ಲ. ಹತ್ತು ದಿನಗಳ ಹಿಂದೆ ಹನಿ ನೀರಿಗೆ ಹೋರಾಡಿದ ಊರಿನ ರಸ್ತೆಗಳು ಕಾಲುವೆಗಳಾದವು, ಅಂಡರ್‌ಪಾಸುಗಳು ಮುಳುಗಿದವು, ಪ್ರಾಣಹಾನಿಯೂ ಆಯಿತು. ರಾಜಧಾನಿಯ ಋತುಗಳಿಗೆ ಮಿತಿಯೆಂಬುದು ತಿಳಿಯದು.

ಮಕ್ಕಳು ತಾರಸಿಯ ಮೇಲೆ ನೆನೆದರು. ಆ ಸಂಜೆ ಯಜಮಾನರು, ಮುಂದಕ್ಕೆ ತಳ್ಳುತ್ತಲೇ ಬಂದಿದ್ದ ಮಾತನ್ನು ಎತ್ತಿದರು. ಮೈಸೂರಿನ ಶಾಲೆಗೆ ಇನ್ನೆರಡು ದಿನಗಳಲ್ಲಿ ಉತ್ತರ ಹೇಳಬೇಕಾಗಿತ್ತು. ಅವರು ಮಗಳ ಮುಖವನ್ನು ನೋಡಿದರು, ಮಗಳು ಅಜ್ಜಿಯ ಮುಖವನ್ನು.

"ನಾನು ಕರೆದುಕೊಂಡು ಹೋಗುವುದಿಲ್ಲಪ್ಪ," ಎಂದರು ಅಜ್ಜಿ. "ಅವಳು ಇಲ್ಲಿ ಇಲ್ಲದಿದ್ದರೆ ನಾನು ಇರುತ್ತಿರಲಿಲ್ಲ. ಬಿಸಿಲು ಹೆಚ್ಚಾಯಿತೆಂದು ಸಂಸಾರವನ್ನು ಎರಡು ಮಾಡಬೇಡಿ."

ಮಗಳು ಸ್ವಲ್ಪ ಹೊತ್ತು ಕಾಲಿನ ಹೆಬ್ಬೆರಳನ್ನು ನೋಡುತ್ತ ಕುಳಿತು, "ಸೋಮವಾರ ಶಾಲೆ ತೆರೆಯುತ್ತೆ ಅಪ್ಪ. ಸಮವಸ್ತ್ರಕ್ಕೆ ಇಸ್ತ್ರಿ ಮಾಡಿಸಬೇಕು," ಎಂದಳು.

ಜುಲೈ ಮೊದಲ ವಾರದಲ್ಲಿ ಅಜ್ಜಿ ಹೊರಟರು. ಮಗ ಜೊತೆಗೆ ಹೋಗಿ ಮುಟ್ಟಿಸಿ ಬರುವುದೆಂದಾಯಿತು. ಆ ವೇಳೆಗೆ ಗಾಳಿಯಲ್ಲಿ ತೇವ ತುಂಬಿ ಕೂಲರ್ ಕೆಲಸಕ್ಕೆ ಬಾರದಂತಾಗಿತ್ತು. ದೆಹಲಿ ತನ್ನ ಎರಡನೆಯ ಪಾಠವನ್ನು ಆರಂಭಿಸಿತ್ತು. ಗಂಟುಗಳಲ್ಲಿ ಎರಡು ದೊಡ್ಡ ಡಬ್ಬಿಗಳು: ಒಂದರಲ್ಲಿ ದೆಹಲಿಯ ಬಿಸಿಲಿನಲ್ಲಿ ಒಣಗಿದ ಅಕ್ಕಿ ಸಂಡಿಗೆ, ಮೈಸೂರಿನ ನೆಂಟರಿಗೆಲ್ಲ ಹಂಚಲು, ಇನ್ನೊಂದರಲ್ಲಿ ಎದುರು ಮನೆಯವರು ಕೊಟ್ಟ ವಡೀ.

ನಿಲ್ದಾಣಕ್ಕೆ ಹೊರಡುವಾಗ ಸೊಸೆ ಅಡುಗೆಮನೆಯ ಅಟ್ಟವನ್ನು ನೋಡಿ ಗಾಬರಿಯಾಗಿ ಹೊರಗೆ ಓಡಿ ಬಂದರು. "ಅತ್ತೆ, ಒರಳು ಇಲ್ಲೇ ಉಳಿದಿದೆ!"

"ಇರಲಿ ಬಿಡಮ್ಮ," ಎಂದರು ಅಜ್ಜಿ ಆಟೋರಿಕ್ಷಾ ಹತ್ತುತ್ತ. "ಮುಂದಿನ ಬೇಸಿಗೆಗೆ ಮತ್ತೆ ಹೊತ್ತು ತರುವವರು ಯಾರು?"